ಜೊತೆಗೆ ಬಂದವಳು

ಮಾರ್ಚ್ ೪, ಬೆಳಗ್ಗೆ

ಮತ್ತೆ ಟವೆಲ್ ಕಡಿಮೆ. ಸೂಪರ್‌ವೈಸರ್ ಲಾಂಡ್ರಿಯವರನ್ನು ಕೇಳು ಅನ್ನುತ್ತಾನೆ, ಲಾಂಡ್ರಿಯವರು ಸೂಪರ್‌ವೈಸರ್‌ನನ್ನು ಕೇಳು ಅನ್ನುತ್ತಾರೆ. ಕೊನೆಗೆ ಇಸ್ತ್ರಿ ಮೇಜಿನಿಂದ ಅಕ್ಕನೇ ಒಂದು ಕಟ್ಟು ಎತ್ತಿಕೊಟ್ಟಳು. ಇನ್ನೂ ಬಿಸಿಯಾಗಿತ್ತು. ನನ್ನ ಕೆಳಗಿನ ಬಂಕಿನಲ್ಲಿ ರಾತ್ರಿಯಿಡೀ ಗೊರಕೆ ಹೊಡೆಯುವವಳು ಹಗಲಲ್ಲಿ ಇಷ್ಟು ಉಪಕಾರಿ. ಹೋಗಲಿ, ಗೊರಕೆ ಮಾಫಿ.

ಇಷ್ಟು ದೊಡ್ಡ ಹಡಗಿನಲ್ಲಿ ನಮ್ಮ ಭಾಷೆ ಆಡುವವರು ನಾವಿಬ್ಬರೇ. ಬಂದ ದಿನವೇ ಅಕ್ಕ ಅಂತ ಕರೆದೆ, ಅವಳೂ ಬೇಡ ಅನ್ನಲಿಲ್ಲ. ಉಳಿದವರೆಲ್ಲ ಅದೇ ಅವಳ ಹೆಸರು ಅಂದುಕೊಂಡಿದ್ದಾರೆ. ಡಾಕ್ಟರ್ ಅಂತೂ ‘ಮಿಸೆಸ್ ಅಕ್ಕ’ ಅಂತ ಚೀಟಿ ಬರೆದುಕೊಟ್ಟಿದ್ದರು.

ಕ್ಯಾಬಿನ್ ಗುಡಿಸಿ, ಹಾಸಿಗೆ ಹಾಸಿ ಸಾಕಾಗಿದೆ. ರಿಸೆಪ್ಷನ್‌ನಲ್ಲಿ ಒಂದು ಜಾಗ ಖಾಲಿ ಇದೆ. ಅರ್ಜಿ ಹಾಕಿದ್ದೇನೆ. ನಾಡಿದ್ದು ಇಂಟರ್‌ವ್ಯೂ. ಬಾಲ್ಕನಿ ಕೋಣೆಯ ಮುತ್ತಿನ ಸರದ ಮೇಡಂ ನನ್ನ ಬಗ್ಗೆ ನಾಲ್ಕು ಒಳ್ಳೆಯ ಮಾತು ಬರೆದುಕೊಡುತ್ತೇನೆ ಅಂದಿದ್ದಾರೆ. ನಿನ್ನ ಇಂಗ್ಲಿಷ್ ಕೇಳಿದರೆ ಕೋಣೆ ಗುಡಿಸುವವಳು ಅಂತ ಯಾರೂ ಹೇಳುವುದಿಲ್ಲ ಅಂದರು. ನಿನ್ನೆಯಿಂದ ಅದೇ ಮಾತನ್ನು ಮೆಲುಕು ಹಾಕುತ್ತಿದ್ದೇನೆ.

ನಾಳೆ ದಡಕ್ಕೆ. ಬೆಳಗಿನ ಪಾಳಿ ಮುಗಿದರೆ ಸಂಜೆಯವರೆಗೆ ಬಿಡುವು.

ಮಾರ್ಚ್ ೫, ಹೊರಡುವ ಮುಂಚೆ

ನಾನೊಬ್ಬಳು ದಡಕ್ಕೆ ಹೊರಟರೆ ಅರ್ಧ ಹಡಗು ಹೊರಟ ಹಾಗೆ. ಅಡುಗೆಮನೆಯ ದಪ್ಪಣ್ಣನ ಬೂಟಿಗೆ ಅಟ್ಟೆ ಹಾಕಿಸಬೇಕು. ಪಕ್ಕದ ಕ್ಯಾಬಿನ್ನಿನ ಡಾನ್ಸರ್‌ಗೆ ಮೊಣಕಾಲಿನ ಪಟ್ಟಿ, ಮುಲಾಮು. ಬಾರಿನವನ ಫೋನಿನ ಗಾಜು ಒಡೆದಿದೆ, ರಿಪೇರಿ. ಅಕ್ಕನಿಗೆ ಕನ್ನಡಕ, ಮತ್ತೆ ಹುಟ್ಟಲಿರುವ ಮೊಮ್ಮಗುವಿಗೆ ಮೆತ್ತನೆ ಬಟ್ಟೆ. ಮಗಳಿಗೆ ಏಳು ತಿಂಗಳಾಗಿದೆ. ಗಂಡೋ ಹೆಣ್ಣೋ ಗೊತ್ತಿಲ್ಲದೆ ಬಣ್ಣ ಯಾವುದು ಅಂತ ಒಂದು ವಾರದಿಂದ ನನ್ನ ತಲೆ ತಿಂದಿದ್ದಾಳೆ. ನನಗೆ ಬೇಕಾದ್ದು ಒಂದೇ — ಇಂಟರ್‌ವ್ಯೂಗೆ ಮುಖಕ್ಕೆ ಹಚ್ಚಲು ಒಳ್ಳೆಯ ಕ್ರೀಮ್.

ಅಕ್ಕ ರೆಡಿ. ಹಳೆಯ ಪರದೆ ಕತ್ತರಿಸಿ ತಾನೇ ಹೊಲಿದ ಹೂವಿನ ಚೀಲ ಹೆಗಲಿಗೆ. ಕಾಲಿಗೆ ಲಾಂಡ್ರಿಯ ರಬ್ಬರ್ ಚಪ್ಪಲಿ. ಬೇರೆ ಹಾಕಿಕೋ ಅಂದೆ.

“ನನ್ನನ್ನ ಯಾರು ನೋಡ್ತಾರೆ, ನಡಿಯೇ.”

ನಾನು ನೀಲಿ ಡ್ರೆಸ್ ಹಾಕಿಕೊಂಡಿದ್ದೇನೆ.

ಮಾರ್ಚ್ ೫, ಸಂಜೆ

ಬರೆಯಬಾರದು ಅಂದುಕೊಂಡೆ. ಬರೆಯದಿದ್ದರೆ ನಾಳೆ ನನಗೆ ಅನುಕೂಲವಾಗುವ ಹಾಗೆ ನೆನಪಿಟ್ಟುಕೊಳ್ಳುತ್ತೇನೆ. ನನ್ನ ಬುದ್ಧಿ ನನಗೆ ಗೊತ್ತು.

ಮೊದಮೊದಲು ಎಲ್ಲ ಚೆನ್ನಾಗಿಯೇ ಇತ್ತು. ಬೂಟು ರಿಪೇರಿಯ ಮುದುಕ ದಪ್ಪಣ್ಣನ ಬೂಟನ್ನು ಮೂಸಿ ಮುಖ ಕಿವುಚಿದ. ಅಡುಗೆಯವನ ಬೂಟು, ಈರುಳ್ಳಿ ವಾಸನೆ ಬರದೆ ಮಲ್ಲಿಗೆ ವಾಸನೆ ಬರುತ್ತಾ ಅಂತ ಅಕ್ಕ ನಮ್ಮ ಭಾಷೆಯಲ್ಲೇ ಅವನನ್ನು ದಬಾಯಿಸಿದಳು. ಏನು ತಿಳಿಯಿತೋ, ಮುದುಕ ನಕ್ಕುಬಿಟ್ಟ. ಫೋನು ರಿಪೇರಿಗೆ ಕೊಟ್ಟೆವು. ಮೆಡಿಕಲ್ ಶಾಪಿನಲ್ಲಿ ಪಟ್ಟಿ, ಮುಲಾಮು. ಅದರ ಪಕ್ಕದಲ್ಲೇ ಒಂದು ಸಣ್ಣ ಸೌಂದರ್ಯ ಸಾಮಗ್ರಿಯ ಅಂಗಡಿ. ಕ್ರೀಮ್ ಕೊಂಡೆ. ಕಾರ್ಡ್ ಉಜ್ಜಿದೆ, ಬಿಲ್ಲನ್ನು ಅಲ್ಲೇ ಬುಟ್ಟಿಗೆ ಎಸೆದೆ. ನನ್ನ ಹ್ಯಾಂಡ್‌ಬ್ಯಾಗಿನಲ್ಲಿ ಜಾಗವಿರಲಿಲ್ಲ. ಅಕ್ಕ ಎದುರಿನ ಕನ್ನಡಕದ ಅಂಗಡಿಯ ಗಾಜಿಗೆ ಮೂಗು ಒತ್ತಿ ನಿಂತಿದ್ದಳು. ಹಿಂದಿನಿಂದ ಹೋಗಿ ಡಬ್ಬಿಯನ್ನು ಅವಳ ಚೀಲಕ್ಕೆ ಹಾಕಿದೆ. ಅವಳಿಗೆ ಗೊತ್ತಾಗಲಿಲ್ಲ. ನಾನೂ ಹೇಳಲಿಲ್ಲ — ಹೇಳುವಂಥದ್ದೇನು ಅದರಲ್ಲಿ.

ಕನ್ನಡಕ ಆಮೇಲೆ ಸಿಗುತ್ತದೆ ಅಂದರು. ಮುಖ್ಯ ರಸ್ತೆಯ ದೊಡ್ಡ ಅಂಗಡಿಗೆ ಹೋದೆವು. ನಾನು ಕ್ರೀಮ್ ಕೊಂಡದ್ದೂ ಇದೇ ಕಂಪನಿಯ ಸಣ್ಣ ಅಂಗಡಿಯಲ್ಲಿ. ಇದು ಮೂರು ಮಹಡಿ, ಎಲ್ಲ ಇದೆ. ಮೇಲೆ ಮಕ್ಕಳ ಬಟ್ಟೆ. ಅಕ್ಕ ಪ್ರತಿಯೊಂದು ಅಂಗಿಯನ್ನೂ ಕೆನ್ನೆಗೆ ಒತ್ತಿ ನೋಡಿ, ಕೊನೆಗೆ ಹಳದಿ ಆರಿಸಿದಳು. ಹಳದಿಯಾದರೆ ಯಾರು ಹುಟ್ಟಿದರೂ ಜಗಳವಿಲ್ಲ ಅಂದಳು. ಕೆಳಗಿಳಿದು ಬಂದಾಗ ಟೋಪಿಗಳ ಹತ್ತಿರ ಮುತ್ತಿನ ಸರದ ಮೇಡಂ. ನನ್ನನ್ನು ನೋಡಿ ಅವರಿಗೆ ಖುಷಿಯೋ ಖುಷಿ. ಡ್ರೆಸ್ ಚೆನ್ನಾಗಿದೆ ಅಂದರು. ತೋಳು ಹಿಡಿದುಕೊಂಡು, ಟೋಪಿ ಆರಿಸಿಕೊಡು ಅಂದರು. ಅಕ್ಕ ನನ್ನ ಹಿಂದೆಯೇ ನಿಂತಿದ್ದಳು. ಇವಳು ನಮ್ಮ ಅಕ್ಕ ಅಂತ ಹೇಳಬಹುದಿತ್ತು. ಹೇಳಲಿಲ್ಲ. ಅಕ್ಕನೇ, ನೀನು ಮಾತಾಡು, ನಾನು ಹೊರಗಿರ್ತೀನಿ ಅಂತ ಬಾಗಿಲ ಕಡೆ ಹೋದಳು.

ಹೊರಹೋಗುವ ಬಾಗಿಲಿನಲ್ಲಿ ಕಳವು ಹಿಡಿಯುವ ಯಂತ್ರ ಕೀಂ ಅಂತ ಕೂಗಿತು.

ಗಾರ್ಡ್ ಅವಳ ಚೀಲವನ್ನು ಮೇಜಿನ ಮೇಲೆ ಸುರಿದ. ಹಳದಿ ಅಂಗಿಗೆ ಬಿಲ್ಲಿತ್ತು. ಕ್ರೀಮಿಗೆ ಇರಲಿಲ್ಲ. ಆ ಸಣ್ಣ ಅಂಗಡಿಯ ಬಾಗಿಲಲ್ಲಿ ಯಂತ್ರವಿರಲಿಲ್ಲ, ಅವರು ಡಬ್ಬಿಯ ಟ್ಯಾಗ್ ತೆಗೆದೂ ಇರಲಿಲ್ಲ.

“ನಾಟ್ ಮೈನ್,” ಅಂದಳು ಅಕ್ಕ. ನಿಜವನ್ನೇ ಹೇಳಿದಳು. ನಿಮ್ಮದಲ್ಲದ್ದು ನಿಮ್ಮ ಚೀಲದೊಳಗೆ ತಾನೇ ನಡೆದು ಬಂತಾ ಅಂತ ಗಾರ್ಡ್ ನಕ್ಕ.

ಅಕ್ಕ ನನ್ನತ್ತ ತಿರುಗಿದಳು. “ಬಾರೇ ಇಲ್ಲಿ, ಇವನೇನೋ ಅಂತಿದ್ದಾನೆ ನೋಡೇ.” ಲಾಂಡ್ರಿಯ ಯಂತ್ರಗಳ ನಡುವೆ ಕೂಗಿ ಕೂಗಿ ಅಭ್ಯಾಸವಾದ ದನಿ. ಇಡೀ ಅಂಗಡಿ ತಿರುಗಿ ನೋಡಿತು. ಮೇಡಂ ಕೈ ಇನ್ನೂ ನನ್ನ ತೋಳಿನ ಮೇಲಿತ್ತು. ನಿನಗೆ ಪರಿಚಯವಾ ಅಂತ ಹುಬ್ಬೇರಿಸಿದರು. ಅಷ್ಟರಲ್ಲಿ ಗಾರ್ಡ್ ನನ್ನ ಹತ್ತಿರ ಬಂದ. ಇವರು ನಿಮ್ಮ ಜೊತೆಗೆ ಬಂದವರಾ ಅಂತ ಕೇಳಿದ.

“ನೋ,” ಅಂದೆ.

ಅಕ್ಕನಿಗೆ ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ. ಆದರೆ ‘ನೋ’ ತಿಳಿಯದಷ್ಟಲ್ಲ.

ಅವಳು ಮತ್ತೆ ಕರೆಯಲಿಲ್ಲ. ಬೊಟ್ಟು ಮಾಡಿ ತೋರಿಸಲಿಲ್ಲ. ಅಂಗಿ ಮೇಜಿನಿಂದ ಕೆಳಗೆ ಬಿದ್ದಿತ್ತು. ಬಗ್ಗಿ ಎತ್ತಿಕೊಂಡಳು, ಧೂಳು ಕೊಡವಿದಳು, ತೋಳು ಒಳಗೆ ಸೇರಿಸಿ ನೀಟಾಗಿ ಮಡಿಸಿದಳು. ಆಮೇಲೆ ಗಾರ್ಡ್ ಹಿಂದೆ ಹೋದಳು. ನನ್ನ ಕಡೆ ನೋಡಲೇ ಇಲ್ಲ.

ಕಷ್ಟ ಇರುತ್ತೆ ಪಾಪ, ಆದರೂ ಹೀಗೆ ಮಾಡಬಾರದು ಅಂದರು ಮೇಡಂ. ಹೌದು ಅಂದೆ. ಹೌದು ಅಂದೆನಲ್ಲ. ಬಿಳಿ ರಿಬ್ಬನ್ ಇದ್ದ ಟೋಪಿ ಆರಿಸಿಕೊಟ್ಟೆ.

ಮೇಡಂ ಟ್ಯಾಕ್ಸಿ ಹತ್ತಿದ ಮೇಲೆ ವಾಪಸ್ ಹೋದೆ. ಹೋದೆ, ಅದು ಸುಳ್ಳಲ್ಲ. ಪೊಲೀಸರು ಬರುತ್ತಿದ್ದಾರೆ, ಆ ಹೆಂಗಸು ಮೇಲಿನ ಆಫೀಸಿನಲ್ಲಿದ್ದಾಳೆ ಅಂದ ಗಾರ್ಡ್. ಗೊತ್ತಿಲ್ಲ ಅಂದವರಿಗೆ ಅವಳ ಚಿಂತೆ ಯಾಕೆ ಅಂತ ಕೇಳಿದ. ಛತ್ರಿ ಮರೆತು ಹೋಗಿದ್ದೆ, ಅದಕ್ಕೆ ಬಂದೆ ಅಂದೆ. ಪಾಪ, ಅವನು ಹುಡುಕಿಯೂ ಹುಡುಕಿದ.

ಆಮೇಲೆ ಬೂಟು ತಂದೆ. ಫೋನು ತಂದೆ. ಅಕ್ಕನ ಕನ್ನಡಕವನ್ನೂ ತಂದೆ. ಒಂದು ಕೆಲಸವನ್ನೂ ಬಿಡಲಿಲ್ಲ. ಕಾಲು ತಮ್ಮಷ್ಟಕ್ಕೆ ತಾವು ಒಂದು ಅಂಗಡಿಯಿಂದ ಇನ್ನೊಂದಕ್ಕೆ ನಡೆದವು.

ಹಡಗು ಬಿಟ್ಟಿದೆ. ಅಕ್ಕ ಬಂದಿಲ್ಲ. ಸಿಬ್ಬಂದಿ ಆಫೀಸರ್ ಕರೆಸಿ, ನೀನು ಅವಳ ಜೊತೆ ಹೋಗಿದ್ದೆಯಾ ಅಂತ ಕೇಳಿದರು. ಬೇರೆ ಬೇರೆ ಹೋಗಿದ್ದೆವು ಅಂದೆ. ಈ ಸಲ ನಾಲಿಗೆ ಸ್ವಲ್ಪವೂ ತೊದಲಲಿಲ್ಲ.

ಮಾರ್ಚ್ ೬

ಇಂಟರ್‌ವ್ಯೂ ಆಯಿತು. ಕೆಲಸ ಸಿಕ್ಕಿತು. ಮುಂದಿನ ವಾರದಿಂದ ರಿಸೆಪ್ಷನ್.

ಇಂಟರ್‌ವ್ಯೂ ಮಾಡಿದವರು ಮೇಡಂ ಬರೆದುಕೊಟ್ಟದ್ದನ್ನು ಓದಿ ಹೇಳಿದರು — ನಂಬಿಕಸ್ಥೆ ಅಂತ ಇತ್ತು.

ಕೆಳಗಿನ ಬಂಕಿನಿಂದ ಸದ್ದಿಲ್ಲ. ನಿದ್ದೆಯೇ ಬರುತ್ತಿಲ್ಲ.

ಮಾರ್ಚ್ ೮

ಈ ಬಂದರಿನಲ್ಲಿ ಅಕ್ಕ ಹತ್ತಿದಳು. ಕಂಪನಿಯ ಏಜೆಂಟ್ ವಿಮಾನದಲ್ಲಿ ಕರೆತಂದನಂತೆ. ಅದೇ ಬಟ್ಟೆ. ಸ್ಟೇಷನ್ನಿನಲ್ಲಿ ಒಂದು ರಾತ್ರಿ ಕುರ್ಚಿಯ ಮೇಲೆ ಕಳೆದಳಂತೆ. ಎಚ್ಚರಿಕೆ ಕೊಟ್ಟು ಬಿಟ್ಟಿದ್ದಾರೆ. ಆದರೆ ಅಂಗಡಿಯವರ ದೂರು ಹಡಗಿನವರೆಗೂ ಬಂದಿದೆ. ಇದೆಲ್ಲ ದಪ್ಪಣ್ಣನಿಂದ ತಿಳಿದದ್ದು. ಯಾರ ಜೊತೆ ಹೋಗಿದ್ದೆ ಅಂತ ಆಫೀಸರ್ ಕೇಳಿದಾಗ ಅಕ್ಕ, ಒಬ್ಬಳೇ ಅಂದಳಂತೆ.

ಒಬ್ಬಳೇ.

ಕ್ಯಾಬಿನ್ನಿಗೆ ಬಂದಾಗ ನಾನು ಬಾಗಿಲಲ್ಲಿದ್ದೆ. ಅಕ್ಕಾ ಅಂದೆ. ಕನ್ನಡಕ ಚಾಚಿದೆ. ತೆಗೆದುಕೊಂಡಳು.

“ಥ್ಯಾಂಕ್ಯೂ,” ಅಂದಳು. ಆಮೇಲೆ, “ಎಕ್ಸ್‌ಕ್ಯೂಸ್ ಮಿ.”

ದಾರಿ ಬಿಟ್ಟೆ.

ಮಾರ್ಚ್ ೧೩

ಅಕ್ಕನನ್ನು ಕೆಲಸದಿಂದ ತೆಗೆದಿದ್ದಾರೆ. ಕೊನೆಯ ಬಂದರಿನಿಂದ ಊರಿಗೆ ಕಳಿಸುತ್ತಾರೆ.

ನನಗೆ ಹೊಸ ಯೂನಿಫಾರ್ಮ್ ಬಂತು. ಇಸ್ತ್ರಿ ಮಾಡಿ ಹ್ಯಾಂಗರಿಗೆ ಹಾಕಿ ಕಳಿಸಿದ್ದರು. ಕಾಲರಿನ ಮಡಿಕೆ ನೋಡಿದ ಕೂಡಲೇ ಯಾರ ಕೈ ಅಂತ ಗೊತ್ತಾಯಿತು. ಹಾಕಿಕೊಂಡು ರಿಸೆಪ್ಷನ್ನಿಗೆ ಹೋದೆ, ಇಡೀ ಪಾಳಿ ನಗುನಗುತ್ತಾ ನಿಂತೆ.

ಮಧ್ಯಾಹ್ನ ಬಂದಾಗ ಅಕ್ಕ ಮಗಳ ಜೊತೆ ಫೋನಿನಲ್ಲಿದ್ದಳು. ನನಗೆ ಬೆನ್ನು ಮಾಡಿ ಕೂತಿದ್ದಳು. ಕೆಲಸ ಸಾಕಾಯ್ತಮ್ಮ, ನಾನೇ ಬಿಟ್ಟೆ, ಹೆರಿಗೆ ಹೊತ್ತಿಗೆ ನಿನ್ನ ಪಕ್ಕದಲ್ಲೇ ಇರ್ತೀನಿ ಅಂತ ನಗುತ್ತಾ ಹೇಳುತ್ತಿದ್ದಳು. ಆ ಕಡೆ ಮಗಳು ಏನು ಕೇಳಿದಳೋ. “ಏನೂ ಆಗಿಲ್ವೇ, ನಿನ್ನಾಣೆ,” ಅಂದಳು. ಬಸುರಿ ಮಗಳ ಮೇಲೆ ಆಣೆ ಹಾಕಿದಳು. ಫೋನಿಟ್ಟ ಮೇಲೆ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಎಷ್ಟೋ ಹೊತ್ತು ಹಾಗೇ ಕೂತಿದ್ದಳು.

ನಾನು ಸದ್ದಿಲ್ಲದೆ ಮೇಲಿನ ಬಂಕಿಗೆ ಹತ್ತಿ ಮಲಗಿದ್ದೆ. ಕಳ್ಳಿಯ ಹಾಗೆ.

ಮಾರ್ಚ್ ೧೪

ಹೇಳಿದೆ. ಪಾಳಿಗೆ ಮೊದಲೇ ಸಿಬ್ಬಂದಿ ಆಫೀಸರ್ ಹತ್ತಿರ ಹೋಗಿ ಎಲ್ಲ ಹೇಳಿದೆ. ಕ್ರೀಮ್ ನನ್ನದು, ಚೀಲಕ್ಕೆ ಹಾಕಿದವಳು ನಾನು, ಗಾರ್ಡ್ ಕೇಳಿದ್ದು ನನ್ನನ್ನೇ. ಕಾರ್ಡಿನ ಲೆಕ್ಕದಲ್ಲಿ ಸಿಗುತ್ತದೆ, ನೋಡಿ ಅಂದೆ. ಅವರು ಬೈಯಲಿಲ್ಲ. ಇಷ್ಟು ದಿನ ಯಾಕೆ ಸುಮ್ಮನಿದ್ದೆ ಅಂತ ಮಾತ್ರ ಕೇಳಿದರು. ಹೆದರಿಕೆಯಾಗಿತ್ತು ಅಂದೆ. ಬರೆದುಕೊಂಡರು. ಹೆದರಿಕೆ ಅಂತ ಬರೆಯುವಾಗ ಒಮ್ಮೆ ತಲೆಯೆತ್ತಿ ನನ್ನನ್ನು ನೋಡಿದರು.

ಬೈದಿದ್ದರೆ ಚೆನ್ನಾಗಿತ್ತು.

ಮಾರ್ಚ್ ೧೯

ಅಂಗಡಿಯವರು ಕ್ಷಮೆ ಕೇಳಿ ಬರೆದಿದ್ದಾರೆ. ಅಕ್ಕನ ಕೆಲಸ ಉಳಿಯಿತು. ನನ್ನ ರಿಸೆಪ್ಷನ್ ಹೋಯಿತು. ಎಚ್ಚರಿಕೆ ಪತ್ರ ಕೊಟ್ಟು, ಕೆಳಗಿನ ಡೆಕ್ಕಿಗೆ, ಕಿಟಕಿಯಿಲ್ಲದ ಕ್ಯಾಬಿನ್‌ಗಳಿಗೆ ಹಾಕಿದ್ದಾರೆ. ಸರಿಯೇ. ಒಂದು ಬಗೆಯಲ್ಲಿ ಹಗುರಾಗಬೇಕಿತ್ತು. ಆಗಲಿಲ್ಲ.

ಊಟದ ಹಾಲಿನಲ್ಲಿ ತಟ್ಟೆ ಹಿಡಿದು ಹೋದರೆ ಎಲ್ಲರೂ ತಮ್ಮ ತಮ್ಮ ತಟ್ಟೆ ನೋಡಿಕೊಂಡರು. ದಪ್ಪಣ್ಣ ಮಾತ್ರ ಪಕ್ಕಕ್ಕೆ ಸರಿದು ಜಾಗ ಕೊಟ್ಟ. ಹೊರಗೆ ಎಲ್ಲಾದರೂ ಸಿಕ್ಕಿದರೆ ನನ್ನ ಗುರುತಾದರೂ ಹಿಡಿಯುತ್ತೀಯಾ ಅಂತ ಕೇಳಿದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಅಕ್ಕ ಈಗಲೂ ಇಂಗ್ಲಿಷಿನಲ್ಲೇ. ಗುಡ್ ಮಾರ್ನಿಂಗ್. ಲೈಟ್ ಆಫ್ ಪ್ಲೀಸ್. ತಪ್ಪಿಲ್ಲದ ಇಂಗ್ಲಿಷ್ — ಎಲ್ಲಿಂದ ಕಲಿತಳೋ. ಒಂದು ಕೋಣೆಯಲ್ಲಿ ಇಬ್ಬರಿದ್ದೂ ನನ್ನ ಭಾಷೆ ನನ್ನ ಬಾಯಲ್ಲೇ ಬಿದ್ದು ಕೊಳೆಯುತ್ತಿದೆ.

ಮಾರ್ಚ್ ೨೨, ಮಧ್ಯಾಹ್ನ

ಇವತ್ತು ಮಾತಾಡಿದಳು.

ಇಬ್ಬರಿಗೂ ಬಿಡುವಿತ್ತು. ನಾನು ಸಾಕ್ಸ್ ಒಣಹಾಕುತ್ತಿದ್ದೆ. ಅಕ್ಕ ಬಂಕಿನ ಮೇಲೆ ಕೂತು ಕಾಲಿಗೆ ಮುಲಾಮು ಹಚ್ಚಿಕೊಳ್ಳುತ್ತಿದ್ದಳು. ತಲೆಯೆತ್ತದೆ, ನಮ್ಮ ಭಾಷೆಯಲ್ಲಿ ಕೇಳಿದಳು.

“ಅವನು ಕೇಳಿದಾಗ ಯಾಕೆ ಹಾಗಂದೆ?”

ಕೆಲಸ ಹೋಗುತ್ತೆ ಅಂತ ಹೆದರಿದೆ ಅಕ್ಕ ಅಂದೆ. ಆಫೀಸರ್‌ಗೆ ಕೊಟ್ಟ ಉತ್ತರವೇ. ತಯಾರಾಗಿಯೇ ಇತ್ತು.

ಅವಳು ಮುಲಾಮಿನ ಮುಚ್ಚಳ ತಿರುಗಿಸಿ ಮುಚ್ಚಿದಳು.

“ಕ್ರೀಮಿಗೆ ದುಡ್ಡು ಕೊಟ್ಟವಳು ನೀನು. ನಂದು, ಆ ಅಂಗಡಿಲಿ ತಗೊಂಡೆ ಅಂದಿದ್ರೆ ಮುಗೀತಿತ್ತು. ನಿನ್ನ ಕೆಲಸ ಯಾಕೆ ಹೋಗ್ತಿತ್ತು?”

ಹೌದು. ಯಾಕೆ ಹೋಗುತ್ತಿತ್ತು?

ಕೈಯಲ್ಲಿದ್ದ ಸಾಕ್ಸನ್ನು ಇನ್ನೊಮ್ಮೆ ಹಿಂಡಿದೆ. ಅವಳು ಸ್ವಲ್ಪ ಹೊತ್ತು ಕಾದಳು. ನಿಜವಾಗಿಯೂ ಕಾದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಕೇಳಿ ತಿಳಿದುಕೊಳ್ಳಬೇಕು ಅನ್ನುವ ಹಾಗಿತ್ತು. ಆಮೇಲೆ ಎದ್ದು, ಪಾಳಿಗೆ ಹೊತ್ತಾಯಿತು, ಬಂದ ಮೇಲೆ ಹೇಳು ಅಂದಳು. ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೋದಳು.

ಬಂದ ಮೇಲೆ ಹೇಳಬೇಕು. ಉತ್ತರ ನನ್ನ ಹತ್ತಿರ ಇದೆ. ಅವತ್ತಿನಿಂದಲೂ ಇದೆ, ಇಲ್ಲಿಯೂ ಬರೆದಿಲ್ಲ. ಹಡಗಿನಲ್ಲಿ ಯಾರಿಗೂ ಹೇಳಿಲ್ಲ. ಹೇಗೆ ಹೇಳುವುದು ಅಂತ ಒಮ್ಮೆ ಬರೆದು ನೋಡುತ್ತೇನೆ, ಆಗ ಬಾಯಿಗೂ ಬಂದೀತು.

ಅಕ್ಕ, ಹೆದರಿಕೆ ಅಲ್ಲ. ಹೆದರಿಕೆ ಬಂದಿದ್ದು ಆಮೇಲೆ. ನೀನು ಕರೆದೆಯಲ್ಲ, ಎಲ್ಲರೂ ತಿರುಗಿ ನೋಡಿದರಲ್ಲ, ಆಗ ಮೇಡಂ ಪಕ್ಕದಲ್ಲಿ ನಿಂತುಕೊಂಡು, ನಾನು ನಿನ್ನವಳು ಅಂತ ಅನ್ನಿಸಿಕೊಳ್ಳೋದಕ್ಕೆ ನನಗೆ —