ಕರಗದ ಕೊಬ್ಬು

ಮಾರ್ಚ್ ೧೧, ಮಂಗಳವಾರ

ಇವತ್ತು ತರಗತಿಯಲ್ಲಿ ಕೊಬ್ಬಿನಾಮ್ಲದ ಪಾಠ. ಹೊಟ್ಟೆ ಖಾಲಿಯಾಗಿ ಸಕ್ಕರೆ ಮುಗಿದರೆ, ದೇಹ ಕೊಬ್ಬಿನ ಸರಪಳಿಯನ್ನು ಎರಡೆರಡು ಇಂಗಾಲದ ತುಂಡುಗಳಾಗಿ ಕತ್ತರಿಸಿ ಉರಿಸುತ್ತದೆ ಎಂದೆ.

“ಕತ್ತರಿಸೋ ಕಿಣ್ವನೇ ಇಲ್ದಿದ್ರೆ, ಮೇಡಂ?” ಎಂದಳೊಬ್ಬಳು.

“ತುಂಬ ಅಪರೂಪ” ಎಂದು ಪುಟ ತಿರುಗಿಸಿಬಿಟ್ಟೆ. ಆ ಅಪರೂಪ ಈಗ ನನ್ನ ಪಕ್ಕದಲ್ಲೇ ಬೆರಳು ಚೀಪುತ್ತ ಮಲಗಿದೆ. ಮೈಕೈ ತುಂಬಿಕೊಂಡ ನನ್ನ ಮಗು; ಆ ಕಿಣ್ವ ಇವಳಲ್ಲಿಲ್ಲ. ಅಷ್ಟು ಕೊಬ್ಬಿದ್ದೂ ಹಸಿದಾಗ ಒದಗುವುದಿಲ್ಲ. ನಡುರಾತ್ರಿ ಎಬ್ಬಿಸಿ ಹಾಲು ಕುಡಿಸಲೇಬೇಕು, ಇಲ್ಲದಿದ್ದರೆ ಸಕ್ಕರೆ ಇಳಿದು ನಿದ್ದೆಯಲ್ಲೇ ಪ್ರಜ್ಞೆ ತಪ್ಪಬಹುದು.

ನಿನ್ನೆ ಅತ್ತೆ ಸದ್ದಿಲ್ಲದೆ ಅಲಾರಂ ಆರಿಸಿದ್ದರು. “ಇಬ್ರೂ ಅಷ್ಟು ಚೆನ್ನಾಗಿ ಮಲ್ಗಿದ್ರಿ, ಎಬ್ಬಿಸೋಕೆ ಮನಸ್ಸೇ ಬರ್ಲಿಲ್ಲ ಕಣಮ್ಮ.” ನಡುರಾತ್ರಿ ನನಗೆ ತಾನಾಗಿಯೇ ಎಚ್ಚರವಾಗದೆ ಹೋಗಿದ್ದರೆ?

ಇವತ್ತು ಅಲಾರಂ ದಿಂಬಿನಡಿ ಇದೆ. ಆದರೂ ಕಣ್ಣು ಮುಚ್ಚಲು ಭಯ. ಅತ್ತೆಯ ಕೋಣೆಯಲ್ಲೂ ದೀಪ ಆರಿಲ್ಲ. ಒಂದು ಸಲ ಅತ್ತುಬಿಡೇ ಮಗಳೇ, ನಾನೂ ನಿನ್ನ ಅಜ್ಜಿಯೂ ಸ್ವಲ್ಪ ನೆಮ್ಮದಿಯಾಗಿ ಕಣ್ಣು ಮುಚ್ಚುತ್ತೇವೆ.