ಬಿಸಿನೀರಿಗೆ ಹಾಕಿದ ಮುಖ

ಆಸ್ಪತ್ರೆ
ಮಂಗಳವಾರ, ಊಟದ ಬಿಡುವು

ಪ್ರೀತಿಯ ಅಮ್ಮ,

ಮೊದಲು ನಿನ್ನ ಗಂಟಲಿನ ವಿಷಯ. ಹೇಗಿದ್ದೀಯ, ಊಟ ಆಯ್ತಾ ಅನ್ನುವುದನ್ನೆಲ್ಲ ಆಮೇಲೆ ಕೇಳುತ್ತೇನೆ. ನಾನು ಫೋನ್ ಮಾಡಿದಾಗಲೆಲ್ಲ ತಂಗಿಯೇ ಎತ್ತುತ್ತಾಳೆ. ಅಮ್ಮ ಮಿಷನ್ ಮೇಲೆ ಕೂತಿದ್ದಾಳೆ, ಅರ್ಜೆಂಟ್ ಬಟ್ಟೆ ಇದೆ ಅನ್ನುತ್ತಾಳೆ. ಊರಿನವರೆಲ್ಲ ಒಟ್ಟಿಗೇ ಬಟ್ಟೆ ಹೊಲಿಸಲು ಶುರುಮಾಡಿದ್ದಾರೋ? ಹೋದ ತಿಂಗಳು ಅಪ್ಪಿತಪ್ಪಿ ನೀನೇ ಎತ್ತಿದೆಯಲ್ಲ, ಆಗ ಕೇಳಿಸಿತು ಆ ಒಡೆದ ಧ್ವನಿ. ಬಟ್ಟೆಯ ಧೂಳು ಕಣೇ ಸೂಜಿ, ಬಿಸಿನೀರು ಕುಡಿದರೆ ಸರಿಹೋಗುತ್ತೆ ಅಂದೆ. ಅಮ್ಮ, ಬೆಳಗಾದರೆ ನಾನಿಲ್ಲಿ ಕೇಳುವುದೇ ಅಂಥ ಧ್ವನಿಗಳನ್ನು. ಮಗಳು ಕ್ಯಾನ್ಸರ್ ಡಾಕ್ಟರಾಗ್ತಿದ್ದಾಳೆ ಅಂತ ಬೀದಿಗೆಲ್ಲ ಹೇಳಿಕೊಂಡು ಬರುತ್ತೀಯಂತೆ. ಆ ಮಗಳ ಮುಂದೆ ಒಂದು ಸಲ ಬಾಯಿ ತೆರೆದು ತೋರಿಸಲು ನಿನಗೇನು ಕಷ್ಟ?

ಬೈಯಲು ಕೂತಿಲ್ಲ. ಒಂದು ವಿಷಯ ಹೇಳಬೇಕು. ಹೇಗೆ ಹೇಳುವುದೋ ಗೊತ್ತಾಗುತ್ತಿಲ್ಲ, ಆದ್ದರಿಂದ ಕೆಲಸದಿಂದಲೇ ಶುರುಮಾಡುತ್ತೇನೆ.

ಈಗ ನನ್ನನ್ನು ಕರೆಂಟು ಕೊಡುವ ವಿಭಾಗಕ್ಕೆ ಹಾಕಿದ್ದಾರೆ. ಡಾಕ್ಟರುಗಳು ವಿಕಿರಣ ಅನ್ನುತ್ತೇವೆ, ರೋಗಿಗಳಿಗೆ ಅದು ಕರೆಂಟು. ಇರುವುದು ಒಂದೇ ಯಂತ್ರ. ಕಾಯುವವರು ಮೆಟ್ಟಿಲ ಮೇಲೆ, ಲಿಫ್ಟಿನ ಬಾಗಿಲ ಮುಂದೆ, ಎಲ್ಲೆಂದರಲ್ಲಿ ಚಾಪೆ ಹಾಸಿಕೊಂಡಿರುತ್ತಾರೆ. ಮುಖಕ್ಕೋ ಕತ್ತಿಗೋ ಕರೆಂಟು ಕೊಡುವಾಗ ತಲೆ ಕೂದಲೆಳೆಯಷ್ಟೂ ಅಲ್ಲಾಡಬಾರದು. ಅದಕ್ಕೆ ಒಬ್ಬೊಬ್ಬರಿಗೂ ಒಂದೊಂದು ಮುಖವಾಡ. ತೂತುತೂತಾದ ಬಿಳಿ ಪ್ಲಾಸ್ಟಿಕ್ ಹಾಳೆಯನ್ನು ಬಿಸಿನೀರಿನ ತೊಟ್ಟಿಗೆ ಹಾಕಿದರೆ ಒದ್ದೆ ಬಟ್ಟೆಯ ಹಾಗೆ ಮೆತ್ತಗಾಗುತ್ತದೆ. ಮುಖದ ಮೇಲೆ ಹೊದಿಸಿ ಕತ್ತಿನವರೆಗೂ ಒತ್ತಿದರೆ, ತಣಿಯುತ್ತಲೇ ಹಾಗೇ ಗಟ್ಟಿಯಾಗುತ್ತದೆ. ನಿನ್ನ ಕಸುಬಿಗೂ ನಮ್ಮದಕ್ಕೂ ಅಂಥ ವ್ಯತ್ಯಾಸವೇನಿಲ್ಲ. ಅನುಕೂಲವಿದ್ದ ಕಡೆ ಚಿಕಿತ್ಸೆ ಮುಗಿದ ಮೇಲೆ ಅದನ್ನು ಬಿಸಾಡುತ್ತಾರಂತೆ. ನಮಗೆ ಹಾಳೆಗಳೇ ಸಾಲದು. ತೊಳೆದು ಮತ್ತೆ ಬಿಸಿನೀರಿಗೆ ಹಾಕುತ್ತೇವೆ. ಹಾಳೆ ಹಳೆಯ ಮುಖವನ್ನು ಮರೆತು ಚಪ್ಪಟೆಯಾಗುತ್ತದೆ, ಮುಂದಿನವರಿಗೆ ಅದೇ ಆಗುತ್ತದೆ.

ಮುಖವಾಡಗಳನ್ನೆಲ್ಲ ಗೋಡೆಗೆ ನೇತುಹಾಕಿರುತ್ತಾರೆ. ಫ್ಯಾನ್ ಹಾಕಿದರೆ ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡುತ್ತವೆ. ಮೊದಮೊದಲು ಅವುಗಳಿಗೆ ಬೆನ್ನು ಹಾಕಿ ಕೂರಲು ನನಗೆ ಆಗುತ್ತಿರಲಿಲ್ಲ.

ಇಲ್ಲಿ ಒಂದು ಪದ್ಧತಿ ಇದೆ. ಚಿಕಿತ್ಸೆ ಮುಗಿಸಿ ಹೊರಡುವವರು ಅಭ್ಯಾಸಬಲದಿಂದ ಬರ್ತೀನಿ ಡಾಕ್ಟ್ರೇ ಅನ್ನುತ್ತಾರೆ. ನಾವು ಯಾರೂ ಹೋಗಿ ಬನ್ನಿ ಅನ್ನುವ ಹಾಗಿಲ್ಲ. ಹೋಗಿ ಅಂತಷ್ಟೇ ಅನ್ನಬೇಕು. ನಮ್ಮ ಬಾಯಲ್ಲಿ ಅದೇ ಆಶೀರ್ವಾದ, ಮತ್ತೆ ಈ ಕೋಣೆಗೆ ಬರುವ ಹಾಗಾಗದಿರಲಿ ಅಂತ. ಅವರ ಮುಖವಾಡವನ್ನು ತೊಟ್ಟಿಗೆ ಹಾಕುವಾಗಲೂ ಅಷ್ಟೇ, ಹೋಗು ಅಂದು ಮುಳುಗಿಸಬೇಕು. ಮುಖವಾಡ ಮಾಡುವವರನ್ನು ನಾವು ಅಚ್ಚಣ್ಣ ಅನ್ನುತ್ತೇವೆ, ಅಚ್ಚು ತೆಗೆಯುತ್ತಾರಲ್ಲ, ಅದಕ್ಕೆ. ದಿನವಿಡೀ ತಮಾಷೆ ಮಾಡುವ ಮನುಷ್ಯ, ಈ ಒಂದು ವಿಷಯದಲ್ಲಿ ಮಾತ್ರ ತಮಾಷೆ ನಡೆಯುವುದಿಲ್ಲ.

ಹೋದ ವಾರ ಒಬ್ಬ ಬಸ್ ಕಂಡಕ್ಟರ್ ಹೆಂಗಸಿನ ಚಿಕಿತ್ಸೆ ಮುಗಿಯಿತು. ಮಂಚ ಯಂತ್ರದಡಿಗೆ ಸರಿಯುವಾಗ ಮುಖವಾಡದೊಳಗಿಂದಲೇ ರೈಟ್ ರೈಟ್ ಅನ್ನುತ್ತಿದ್ದವಳು. ಅವಳನ್ನು ನಗುನಗುತ್ತಾ ಕಳುಹಿಸಿದೆವು. ಸಂಜೆ ಅವಳ ಮುಖವಾಡವನ್ನು ತೊಟ್ಟಿಗೆ ಹಾಕುವಾಗ ನನ್ನ ಮನಸ್ಸೆಲ್ಲ ನಿನ್ನ ಧ್ವನಿಯ ಮೇಲಿತ್ತು. ಮನೆಯಿಂದ ಯಾರು ಹೊರಟರೂ ಬರೀ ಹೋಗು ಅನ್ನಬಾರದು ಅಂತ ನೀನೇ ಕಲಿಸಿದ್ದು ನೋಡು, ಆ ಅಭ್ಯಾಸವೇ ಬಾಯಿಗೆ ಬಂತು. ಹೋಗಿ ಬಾ ಅಂದುಬಿಟ್ಟೆ.

ಹಿಂದೆ ನಿಂತಿದ್ದ ಅಚ್ಚಣ್ಣ, ಏನಂದ್ರಿ ಡಾಕ್ಟರಮ್ಮ ಅಂತ ಕೇಳಿದರು. ನಾನು ನಕ್ಕೆ. ಅವರು ನಗಲಿಲ್ಲ. ಹಾಳೆ ಎಂದಿನಂತೆ ಚಪ್ಪಟೆಯಾಯಿತು, ಮೇಜಿನ ಮೇಲೆ ಒಣಗಲು ಇಟ್ಟು ಬಂದೆವು.

ಬೆಳಿಗ್ಗೆ ಬಂದು ನೋಡಿದರೆ ಹಾಳೆಯಲ್ಲಿ ಮೂಗು ಎದ್ದಿತ್ತು.

ಕಂಡಕ್ಟರಮ್ಮನದು ದುಂಡು ಮುಖ. ಇದು ಅದಲ್ಲ. ಸಪೂರ ಮುಖ, ಎತ್ತರದ ಹಣೆ, ಗಲ್ಲದಲ್ಲಿ ಗುಳಿ. ಯಾರೋ ನಿಮ್ಮ ಮುಖದ್ದೇ ಅಚ್ಚು ತೆಗೆದು ತಮಾಷೆ ಮಾಡಿದ್ದಾರೆ ಅಂದರು ಅಚ್ಚಣ್ಣ. ನೋಡೇಬಿಡೋಣ ಅಂತ ನಾನು ಮಂಚದ ಮೇಲೆ ಮಲಗಿದೆ, ಅವರು ಅದನ್ನು ನನ್ನ ಮುಖಕ್ಕೆ ಇಟ್ಟರು. ಹಣೆ, ಮೂಗು ಎರಕ ಹೊಯ್ದ ಹಾಗೆ ಕೂತವು. ಬಾಯಿಯ ಹತ್ತಿರ ಮಾತ್ರ ಒತ್ತುತ್ತಿತ್ತು. ಬಲಗಡೆಯ ತುಟಿಯಂಚು ಒಳಕ್ಕೆ ಎಳೆದಿತ್ತು, ಹೊಲಿಯುವಾಗ ಗುಂಡುಸೂಜಿ ಕಚ್ಚಿಕೊಂಡವರದ್ದು ಇರುತ್ತದಲ್ಲ, ಹಾಗೆ. ಎಡದವಡೆಯ ಕೆಳಗೆ ಪ್ಲಾಸ್ಟಿಕ್ ನನಗೆ ತಾಗಲೇ ಇಲ್ಲ. ಅಲ್ಲಿ ಉಬ್ಬಿಕೊಂಡಿತ್ತು, ಒಳಗೆ ನಿನ್ನ ಮಿಷನ್ನಿನ ದಾರದ ಬಾಬಿನ್ ಹಿಡಿಯುವಷ್ಟು ಜಾಗ. ನನ್ನ ಕತ್ತಿನಲ್ಲಿ ಅಲ್ಲೇನೂ ಇಲ್ಲ ಅಮ್ಮ.

ಅಚ್ಚಣ್ಣ ಆ ಉಬ್ಬಿನ ಮೇಲೆ ಬೆರಳಾಡಿಸಿ, ಇದು ನಿಮ್ಮದಲ್ಲ, ನಿಮ್ಮವರದ್ದು ಅಂದರು. ಆಮೇಲೆ ಅದನ್ನು ಅವರು ಮುಟ್ಟಲಿಲ್ಲ.

ಹಾಳೆ ಹಳೆಯದು, ಬಿಸಿ ಹೆಚ್ಚುಕಮ್ಮಿಯಾಗಿ ಸೊಟ್ಟಗಾಗಿರಬೇಕು ಅಂತ ನನಗೆ ನಾನೇ ಹೇಳಿಕೊಂಡೆ. ಇಷ್ಟು ಓದಿ ಇಂಥದ್ದನ್ನೆಲ್ಲ ನಂಬಿದರೆ ನಗುತ್ತಾರೆ. ಆಮೇಲೆ ತಂಗಿ ಕಳಿಸಿದ ಫೋಟೋ ತೆಗೆದು ನೋಡಿದೆ. ಈ ಸುಡುಬಿಸಿಲಿನಲ್ಲಿ ಕತ್ತಿಗೆ ಯಾಕೆ ಬಟ್ಟೆ ಸುತ್ತಿಕೊಂಡಿದ್ದೀಯ? ತಂಗಿಯನ್ನು ಕೇಳಿದರೆ ಬೆಕ್ಕು ಮರಿ ಹಾಕಿದ ಕಥೆ ಹೇಳುತ್ತಾಳೆ. ಇಬ್ಬರೂ ಸೇರಿ ನನ್ನಿಂದ ಮುಚ್ಚಿಡುತ್ತಿದ್ದೀರಿ. ಅಕ್ಕನಿಗೆ ಪರೀಕ್ಷೆ ಹತ್ತಿರವಿದೆ, ಅವಳ ತಲೆ ಕೆಡಿಸುವುದು ಬೇಡ ಅಂದಿರುತ್ತೀಯ, ನನಗೆ ಗೊತ್ತು. ಪರೀಕ್ಷೆ ಹಾಳಾಗಿ ಹೋಗಲಿ. ನನಗೆ ಭಯವಾಗುತ್ತಿದೆ ಅಮ್ಮ.

ಆ ಮುಖವಾಡವನ್ನು ನನ್ನ ಬೀರುವಿನಲ್ಲಿ ಇಟ್ಟಿದ್ದೇನೆ. ಹಾಳೆಗಾಗಿ ಒಬ್ಬ ಮೇಷ್ಟ್ರು ಕಾಯುತ್ತಿದ್ದಾರೆ, ಇವತ್ತು ನಾಳೆ ಅಂತ ಸಾಗಹಾಕುತ್ತಿದ್ದೇನೆ, ಅದೂ ತಪ್ಪೇ. ಬೀರು ತೆಗೆದಾಗಲೆಲ್ಲ ನೀನು ಸೂಜಿ ಕಚ್ಚಿಕೊಂಡು ಏನೋ ಹೇಳಲು ಹೊರಟ ಹಾಗಿರುತ್ತದೆ.

ಒಂದು ಸಲ ಬಂದು ತೋರಿಸಿದರೆ ನಿನ್ನ ಗಂಟೇನೂ ಹೋಗುವುದಿಲ್ಲ. ಬಟ್ಟೆ ಪಕ್ಕಕ್ಕಿಡು, ತಂಗಿಯನ್ನು ಕರೆದುಕೊಂಡು ಬಸ್ಸು ಹತ್ತು. ಬೇಗ ಬಂದವರು ಗುಣವಾಗುತ್ತಾರೆ, ಇದನ್ನು ಡಾಕ್ಟರಾಗಿ ಹೇಳುತ್ತಿದ್ದೇನೆ. ಪ್ಲಾಸ್ಟಿಕ್ಕಿಗೆ ಹೆದರಿದ್ದು ಬರೀ ನಿನ್ನ ಮಗಳು.

ನಿನ್ನ ಮೂಗನ್ನೂ ಹಟವನ್ನೂ ಹೊತ್ತು ತಿರುಗುವ,
ಸೂಜಿ

ಮತ್ತೆ ಸೇರಿಸಿದ್ದು, ಬುಧವಾರ: ಪತ್ರ ಹಾಕುವ ಮುಂಚೆ ಇದನ್ನೂ ಹೇಳಬೇಕು. ಮೇಷ್ಟ್ರಿಗೆ ಬೆಳಿಗ್ಗೆ ಉಸಿರಾಡುವುದು ಕಷ್ಟವಾಯಿತು. ಇನ್ನು ಕಾಯಿಸುವ ಹಾಗಿಲ್ಲ ಅಂದರು ದೊಡ್ಡ ಡಾಕ್ಟರು. ಬೇರೆ ಹಾಳೆ ಇರಲಿಲ್ಲ. ನಾನೇ ಬೀರುವಿನಿಂದ ತಂದು ತೊಟ್ಟಿಗೆ ಹಾಕಿದೆ. ಈ ಸಲ ತಪ್ಪಬಾರದು ಅಂತ ಮೈಯೆಲ್ಲ ಕಣ್ಣಾಗಿ, ಪದ್ಧತಿಯಂತೆ, ಹೋಗು ಅಂತ ಸ್ಪಷ್ಟವಾಗಿ ಅಂದೆ. ಅದು ತಕ್ಷಣ ಚಪ್ಪಟೆಯಾಯಿತು, ಹಾಗೇ ಉಳಿಯಿತು. ಅಚ್ಚಣ್ಣ ನನ್ನ ಮುಖ ನೋಡಿದರು. ಹೋಗು ಅಂತ ನಾನು ಅಂದದ್ದು ಯಾರ ಮುಖಕ್ಕೆ ಅನ್ನುವುದು ನನಗೆ ಆಗ ಹೊಳೆಯಿತು. ಆಗಿನಿಂದ ಫೋನ್ ಮಾಡುತ್ತಲೇ ಇದ್ದೇನೆ, ತಂಗಿಯೂ ಎತ್ತುತ್ತಿಲ್ಲ. ಈ ಪತ್ರ ಕೈಗೆ ಸಿಕ್ಕ ಕೂಡಲೇ ನೀನೇ ಫೋನ್ ಮಾಡು. ಬೇರೇನೂ ಹೇಳಬೇಡ. ಆ ಒಡೆದ ಧ್ವನಿಯಲ್ಲೇ ಒಂದು ಸಲ, ಬರ್ತೀನಿ ಕಣೇ ಅನ್ನು, ಸಾಕು.