ದವಡೆಯಲ್ಲಿ ನಿಲ್ಲದ ಅಲಗು

ಸುರಪುರ
ಬುಧವಾರ, ೨೪ ಅಕ್ಟೋಬರ್ ೧೯೫೬

ಪ್ರೀತಿಯ ತಮ್ಮ ಮಾನಪ್ಪನಿಗೆ ಅಕ್ಕ ಮೌನಮ್ಮನ ಆಶೀರ್ವಾದಗಳು.

ಚಕ್ಕೆ ಸಿಡಿದ ಕಣ್ಣಿನ ನೋವು ಈಗ ಹೇಗಿದೆ? ಎರಡೂ ಕಣ್ಣುಗಳ ಪಟ್ಟಿಯನ್ನು ಎಂದು ಬಿಚ್ಚುವರೆಂದು ಡಾಕ್ಟರರು ಹೇಳಿದರೇ? ಪಟ್ಟಿಯ ಮೇಲೆ ಕೈಯಾಡಿಸಬೇಡ. ಚಿಕ್ಕಂದಿನಲ್ಲಿ ಸಿಡುಬು ಎದ್ದಾಗಲೂ ನಿನಗೆ ಇದೇ ಚಾಳಿಯಿತ್ತು. ಪಕ್ಕದ ಹಾಸಿಗೆಯವರು ಬರೆದುಕೊಟ್ಟ ನಿನ್ನ ಪತ್ರ ತಲುಪಿತು. ಪುಣ್ಯಾತ್ಮರು ಎಲ್ಲಿಯೂ ಪೂರ್ಣವಿರಾಮವಿಟ್ಟಿಲ್ಲ. ನೀನು ಎಲ್ಲಿ ಮಾತು ನಿಲ್ಲಿಸಿದೆ, ಎಲ್ಲಿ ನಿಟ್ಟುಸಿರು ಬಿಟ್ಟೆ ಎಂಬುದು ತಿಳಿಯದೆ ನಾಲ್ಕು ಸಲ ಓದಿದೆ. ಇದನ್ನು ನಿನಗೆ ಓದಿ ಹೇಳುತ್ತಿರುವವರೂ ಅವರೇ ಆಗಿದ್ದರೆ ಬೇಸರಿಸದಿರಲಿ. ಮೂವತ್ತು ವರ್ಷ ಮಕ್ಕಳ ಪಾಟಿ ತಿದ್ದಿದ ಕೈ ನಿವೃತ್ತಿಯ ನಂತರವೂ ಸುಮ್ಮನಿರಲೊಲ್ಲದು.

ಹೊಸ ಗರಗಸದ ಯಂತ್ರದಲ್ಲಿ ಅಲಗು ನಿಲ್ಲುತ್ತಿಲ್ಲವೆಂದು ನಾನು ಕಳೆದ ವಾರ ಬರೆದದ್ದೇ ತಪ್ಪಾಯಿತು. ಯಂತ್ರವನ್ನು ಹೈದರಾಬಾದಿಗೆ ಮರಳಿಸಿ, ಶಹಾಪುರದ ಕನ್ಯಾಶಾಲೆಗೆ ಒಪ್ಪಿಕೊಂಡ ಮರದ ಅಕ್ಷರಮಾಲೆ ಆಗದೆಂದು ತಿಳಿಸಿ, ಕಣ್ಣಿಲ್ಲದ ಬಡಿಗನಿಗೆ ಕೆಲಸದ ಮನೆ ಏತಕ್ಕೆ, ಬೀಗ ಹಾಕಿಬಿಡಿ ಎಂದು ಬರೆಸಿದ್ದೀಯೆ. ನಾನು ಅದನ್ನು ಓದುವಾಗ ನಿನ್ನ ಹೆಂಡತಿ ಜೋಳದ ಹಿಟ್ಟು ನಾದುತ್ತಿದ್ದಳು. ಹಂಪಮ್ಮ ಅತ್ತಳೆಂದು ಭಾವಿಸಬೇಡ. ಕೈ ತೊಳೆದು, ಗೂಟದಲ್ಲಿದ್ದ ಕೀಲಿಕೈಯನ್ನು ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಕೀಲಿ ನನ್ನ ಕಡೀನ ಇರ್ಲಿ ಅಕ್ಕಾರ. ಹಾಕೂದಿದ್ರ ಅವ್ರ ಬಂದು ಹಾಕ್ಲಿ" ಎಂದಳು.

ಯಾದಗಿರಿ ಸ್ಟೇಷನ್ನಿನಿಂದ ಹುಲ್ಲು ಹೊದ್ದು ಬಂಡಿಯಲ್ಲಿ ಬಂದ ಆ ಯಂತ್ರವನ್ನು ನೀನು ಒಂದು ಸಂಜೆ ಮಾತ್ರ ಕಂಡೆ. ಮರುದಿನ ಅದೇ ಬಂಡಿ ನಿನ್ನನ್ನು ಆಸ್ಪತ್ರೆಗೆಂದು ಹೈದರಾಬಾದಿನ ರೈಲಿಗೆ ಕರೆದೊಯ್ದಿತು. ನೀನಿಲ್ಲದ ಮಹಾನವಮಿಯಂದು ಬಾಚಿ, ಉಳಿ, ಕೈಗರಗಸಗಳನ್ನು ತೊಳೆದು, ಅಪ್ಪನ ಕಾಲದ ಪದ್ಧತಿಯಂತೆ ಎಣ್ಣೆ ಸವರಿ, ವಿಭೂತಿ ಹಚ್ಚಿ ಪೂಜಿಸಿದೆವು. ಹೊಸ ಯಂತ್ರದ ಪೂಜೆ ಮಾತ್ರ ಅಂದಿಗೆ ಮುಗಿಯಲಿಲ್ಲ. ನಿನ್ನ ಕಣ್ಣು ತೆರೆಯುವವರೆಗೂ ದಿನವೂ ಬೆಳಗಿನಲ್ಲಿ ಅದರ ಬಾಯಿ, ಭುಜ, ಪಾದಗಳಿಗೆ ಒಳ್ಳೆಣ್ಣೆ ಸವರಿ ಕೈಮುಗಿಯುವೆನೆಂದು ನಾನು ಮೌನೇಶ್ವರನಿಗೆ ಹರಕೆ ಹೊತ್ತೆ. ಆ ಹೊತ್ತಿನಲ್ಲಿ ಕಿಟಕಿಯ ಬಿಸಿಲುಕೋಲಿನೊಳಗೆ ಸಾಗುವಾನಿಯ ಹುಡಿ ತಾನಾಗಿಯೇ ಏಳುತ್ತದೆ. ಅದರ ನಡುವೆ ಕುಳಿತರೆ ನಾನು ಐವತ್ತಾರರವಳೋ ಆರರವಳೋ ಮರೆತುಹೋಗುತ್ತದೆ. ಎಲ್ಲಿಯೋ ಅಪ್ಪನ ಬಾಚಿಯ ಸದ್ದು ಕೇಳಿಸುತ್ತದೆ. ಶಹಾಪುರದ ಗುಡ್ಡ ಮನುಷ್ಯನಂತೆ ಅಂಗಾತ ಮಲಗಿದೆಯಲ್ಲ, ಹಾಗೆಯೇ ಅಕ್ಷರಗಳೆಲ್ಲ ಹಲಗೆಯೊಳಗೆ ಮಲಗಿ ಯಾರಾದರೂ ಎಬ್ಬಿಸಲೆಂದು ಕಾಯುತ್ತಿರುವಂತೆ ತೋರುತ್ತದೆ.

ಎಬ್ಬಿಸುವುದು ಸುಲಭವಾಗಿರಲಿಲ್ಲ. ಕಾಲಿನಿಂದ ತುಳಿದರೆ ಕೂದಲೆಳೆಯಂತಹ ಅಲಗು ಮೇಲೆ ಕೆಳಗೆ ಆಡಬೇಕು. ಅದರ ಎರಡು ತುದಿಗಳನ್ನೂ ಪುಟ್ಟ ಉಕ್ಕಿನ ದವಡೆಗಳು ಕಚ್ಚಿ ಹಿಡಿದಿರಬೇಕು. ‘ರ’ ಅಕ್ಷರದ ಒಳಬಯಲನ್ನು ತೆಗೆಯಲು ಮೊದಲು ತೂತು ಕೊರೆದು, ಅಲಗನ್ನು ಬಿಚ್ಚಿ, ತೂತಿನಲ್ಲಿ ಪೋಣಿಸಿ, ಮತ್ತೆ ಕಚ್ಚಿಸಬೇಕು. ನಮ್ಮ ಲಿಪಿಯ ದುಂಡುತನವನ್ನು ಶಾಲೆಯಲ್ಲಿ ಬಾಯ್ತುಂಬ ಹೊಗಳಿದವಳು ನಾನು. ಅದರ ಕಷ್ಟ ಈಗ ತಿಳಿಯಿತು. ಹತ್ತು ಸಲ ತುಳಿಯುವಷ್ಟರಲ್ಲಿ ಅಲಗು ‘ಟಣ್’ ಎಂದು ಮೇಲಿನ ದವಡೆಯಿಂದ ಜಾರುತ್ತಿತ್ತು. ತಿರುಪನ್ನು ಇಕ್ಕಳದಿಂದ ಬಿಗಿದೆವು. ಬೆರಳಿನಲ್ಲಿ ಹಿಡಿದು ತಿರುಗಿಸುವ ಅದರ ಕಿವಿ ಸೊಟ್ಟಾಯಿತು. ಅಲಗು ಬದಲಿಸಿದೆವು, ತಲೆಕೆಳಗು ಮಾಡಿದೆವು, ಬಿಗುವು ಸಡಿಲಿಸಿದೆವು. ಆರು ಅಲಗುಗಳು ಮುರಿದವು. ಅಲಗು ಸಿಕ್ಕಿಸುತ್ತಿದ್ದ ಹಂಪಮ್ಮನಿಗೆ ‘ನಿನ್ನ ಕೈಯಲ್ಲಿ ಬಲವಿಲ್ಲ, ಮನಸ್ಸಿನಲ್ಲಿ ಗಮನವಿಲ್ಲ’ ಎಂದು ಗದರಿದೆ. ಅವಳು ಇನ್ನೊಂದು ಅಲಗನ್ನು ಕೈಗೆತ್ತಿಕೊಂಡಳು.

ಸೋಮವಾರ, ಗಡಿಯಾರ ದುರಸ್ತಿಯ ಸುಲ್ತಾನಸಾಬರನ್ನು ಕರೆಸಿದೆ. ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ದವಡೆಯೊಳಗೆ ಇಣುಕಿ, ಬೆರಳಿನಿಂದ ಸವರಿ, ಮೂಸಿ ನೋಡಿ ನಕ್ಕರು. "ಬಾಯಾರ, ಮಶೀನ್ ಖರಾಬ್ ಆಗಿಲ್ರಿ. ದಿನಾ ಎಣ್ಣಿ ಸ್ನಾನ ಆಗೇತಿ ಇದಕ್ಕ! ಎಣ್ಣಿ ಕೈಲೆ ಮೀನಾ ಹಿಡ್ಯಾಕತ್ತೀರಲ್ರಿ. ಯಾರರೀ ಇಷ್ಟ್ ಲಾಡ್ ಮಾಡಿದವ್ರು?" ಎಂದು ಹಂಪಮ್ಮನತ್ತ ತಿರುಗಿದರು. ಅವಳು ಸೆರಗಿನ ಅಂಚನ್ನು ನೋಡುತ್ತ, "ಇನ್ನ ಹಚ್ಚೂದಿಲ್ರಿ ಕಾಕಾ" ಎಂದಳು.

ಗಡಿಯಾರ ತೊಳೆಯುವ ಪೆಟ್ರೋಲಿನಲ್ಲಿ ಬಟ್ಟೆಯನ್ನು ಅದ್ದಿ ದವಡೆಗಳನ್ನು ಒರೆಸಿದರು. ಅಲಗಿನ ತುದಿಗಳನ್ನೂ ಒರೆಸಿದರು, ಏಕೆಂದರೆ ಹೊಸ ಅಲಗಿಗೆ ತುಕ್ಕು ಹಿಡಿಯದಿರಲೆಂದು ಮಾಡಿದವರೇ ಎಣ್ಣೆ ಸವರಿರುತ್ತಾರಂತೆ. ತುದಿಗಳನ್ನು ಮರಳುಕಾಗದದಿಂದ ತುಸು ಒರಟು ಮಾಡಿ, ಎರಡು ದವಡೆಗಳೂ ಒಂದೇ ನೇರದಲ್ಲಿವೆಯೇ ಎಂದು ದಾರ ಹಿಡಿದು ನೋಡಿ, ಬರಿಯ ಬೆರಳುಗಳಿಂದ ಬಿಗಿದರು. ಮೀಟಿದರೆ ಅಲಗು ಏಕತಾರಿಯಂತೆ ನುಡಿಯಿತು. ಅಂದಿನಿಂದ ಒಮ್ಮೆಯೂ ಜಾರಿಲ್ಲ. ಹನ್ನೊಂದು ಅಕ್ಷರಗಳು ಸಿದ್ಧವಾಗಿವೆ. ಮುಂದಿನ ಗುರುವಾರ, ನವೆಂಬರ್ ಒಂದು, ನಮ್ಮ ಹೊಸ ರಾಜ್ಯ ಉದಯಿಸುವ ದಿನ. ಅಂದು ಶಹಾಪುರದ ಹುಡುಗಿಯರು ಅವನ್ನು ಕೈಯಲ್ಲಿ ಹಿಡಿಯಲಿದ್ದಾರೆ.

ಹೈದರಾಬಾದಿಗೆ ಹೊರಟಿರುವ ನೆರೆಮನೆಯ ತಾಯಪ್ಪನ ಕೈಯಲ್ಲಿ, ಈ ಪತ್ರದೊಡನೆ ಸಾಗುವಾನಿಯ ‘ರ’ ಒಂದನ್ನು ಬಟ್ಟೆಯಲ್ಲಿ ಸುತ್ತಿ ಕಳಿಸುತ್ತಿದ್ದೇನೆ. ಪಟ್ಟಿ ಬಿಚ್ಚುವವರೆಗೆ ಕಾಯಬೇಡ. ಅದರ ಒಳದುಂಡಿನಲ್ಲಿ ಬೆರಳಾಡಿಸಿ ನೋಡು. ಕೊಯ್ದವರು ಯಾರೆಂದು ಈಗಲೇ ಕೇಳಬೇಡ. ಮೊದಲು ನಿನ್ನ ಬೆರಳು ತೀರ್ಪು ಹೇಳಲಿ.

ಮೌನೇಶ್ವರನು ನಿನಗೆ ಬೆಳಕನ್ನು ಮರಳಿಸಲಿ. ಓದಿ ಹೇಳಿದವರಿಗೆ ನನ್ನ ನಮಸ್ಕಾರಗಳು.

ನಿನ್ನ ಅಕ್ಕ,
ಮೌನಮ್ಮ

ತಾ.ಕ.: ತಾಯಪ್ಪ ಬಾಗಿಲಲ್ಲಿ ನಿಂತು ಅವಸರಪಡಿಸುತ್ತಿದ್ದಾನೆ. ಎಣ್ಣೆ ಹಚ್ಚಿದವಳು ನಾನು, ಹಂಪಮ್ಮನಲ್ಲ. ಪರರ ಮುಂದೆ ಅವಳು ನನ್ನ ಮಾನ ಕಾಯ್ದಳು. ನಾನು ತುಟಿ ಬಿಚ್ಚಲಿಲ್ಲ. ಇಂದು ಬೆಳಿಗ್ಗೆ ಸುಲ್ತಾನಸಾಬರ ಅಂಗಡಿಗೆ ಹೋಗಿ ನಿಜವನ್ನು ಹೇಳಿಬಂದೆ. ‘ರ’ದೊಳಗೆ ನಿನ್ನ ಬೆರಳು ಎಲ್ಲಿಯೂ ತಡೆಯದಿದ್ದರೆ ತಿಳಿ: ಅದನ್ನು ಕೊಯ್ದವಳು ನಿನ್ನ ಹೆಂಡತಿ. ಗೆರೆ ಹಾಕಿಕೊಟ್ಟದ್ದಷ್ಟೇ ನನ್ನದು. "ಗರಗಸದ ಮುಂದ ಹೆಣ್ಮಕ್ಳು ಕುಂಡ್ರಬಾರ್ದು" ಎಂದು ಅಪ್ಪ ನನ್ನನ್ನು ಎಬ್ಬಿಸಿದ್ದು ನಿನಗೆ ನೆನಪಿರಬಹುದು, ನನಗೆ ನೆನಪಿದೆ. ಅವಳನ್ನು ನೀನು ಎಬ್ಬಿಸಬೇಡ. ಕೀಲಿಕೈ ಅವಳ ಸೊಂಟದಲ್ಲಿಯೇ ಇರಲಿ ಎಂದು ಒಂದು ಸಾಲು ಬರೆಸು. ಪೂರ್ಣವಿರಾಮವಿಲ್ಲದಿದ್ದರೂ ಚಿಂತೆಯಿಲ್ಲ.